ಅಸಮ ಅಂಕಗಳು: ವಿಜ್ಞಾನದ ಪ್ರವೇಶದ್ವಾರದಲ್ಲಿ ಭಾಷೆಯ ಪ್ರಶ್ನೆ

ಸೊಂಡೂರು ಬೆಟ್ಟಸಾಲಿನ ಸೆರಗಿನಲ್ಲಿರುವ ಪಾಪಿನಾಯಕನಹಳ್ಳಿ ಹೊಸಪೇಟೆ ತಾಲೂಕಿನ ಅದಿರು ಸೀಮೆಯ ಊರು. ಭೂವಿಜ್ಞಾನಕ್ಕೆ ಈ ಬೆಟ್ಟಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಶಿಲಾದಾಖಲೆಗಳು. ಈ ಕೆಂಪುಮಣ್ಣಿನಲ್ಲಿ ಬೆಳೆದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಭೂವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಬಯಸಿದರೆ ಅವಳು ಎದುರಿಸಬೇಕಾದದ್ದು ಯಾವ ಅಳತೆಗೋಲನ್ನು? ಈ ಪ್ರಶ್ನೆಯನ್ನು ಶಿಕ್ಷಣತಜ್ಞರಿಗಷ್ಟೇ ಬಿಟ್ಟುಕೊಡದೆ ಕನ್ನಡ ಅಧ್ಯಯನದ ಪ್ರಶ್ನೆಯಾಗಿಯೂ ನೋಡಬೇಕಾಗಿದೆ.

ವಿದೇಶಿ ವ್ಯಾಸಂಗದ ಜಿಆರ್‌ಇ ಪರೀಕ್ಷೆಯನ್ನೇ ಮೊದಲು ನೋಡಬಹುದು. ಅದರಲ್ಲಿ ಭಾಷಾ ವಿಭಾಗಕ್ಕೂ ಗಣಿತ ವಿಭಾಗಕ್ಕೂ 130ರಿಂದ 170ರವರೆಗೆ ಪ್ರತ್ಯೇಕ ಅಂಕಗಳಿವೆ. ಗಣಿತದಲ್ಲಿ ಎತ್ತರಕ್ಕೇರಿ ಭಾಷೆಯಲ್ಲಿ ಕೆಳಗುಳಿಯುವ ಅಸಮತೆ ಇಂಗ್ಲಿಷನ್ನು ತಡವಾಗಿ ಕಲಿತವರಿಗೆ ಅಪರಿಚಿತವಲ್ಲ. ಈ ಅಂಕಗಳನ್ನು ಬೇರೆಬೇರೆ ಅಳತೆಗಳೆಂದೇ ಪರಿಗಣಿಸಬೇಕು, ಕೇವಲ ಒಂದು ಕನಿಷ್ಠ ಅಂಕವನ್ನು ಆಧರಿಸಿ ಅರ್ಜಿಯನ್ನು ತಳ್ಳಿಹಾಕಬಾರದು ಎಂದು ಪರೀಕ್ಷೆ ನಡೆಸುವ ಸಂಸ್ಥೆಯೇ ಸೂಚಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಅನೇಕ ವಿಜ್ಞಾನ ವಿಭಾಗಗಳು ಈ ಪರೀಕ್ಷೆಯನ್ನು ಕಡ್ಡಾಯವಾಗಿ ಕೇಳುವುದನ್ನೇ ಬಿಟ್ಟಿವೆ. ಅಸಮ ಅಂಕಗಳ ಒಂದು ಗುಣವೆಂದರೆ ಅವು ಕೊರತೆ ಎಲ್ಲಿದೆಯೆಂಬುದನ್ನು ಮರೆಮಾಚುವುದಿಲ್ಲ.

ನಮ್ಮ ದೇಶದ ಜ್ಯಾಮ್ ಪರೀಕ್ಷೆಯ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ಈ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಮೂರು ಗಂಟೆಗಳಲ್ಲಿ ಅರವತ್ತು ಪ್ರಶ್ನೆ, ಅಂದರೆ ಒಂದಕ್ಕೆ ಸರಾಸರಿ ಮೂರು ನಿಮಿಷ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು, ಮತ್ತೆ ಇಂಗ್ಲಿಷಿನ ಆಯ್ಕೆಗಳಿಗೆ ಮರಳುವವಳಿಗೆ ಆ ಮೂರು ನಿಮಿಷಗಳಲ್ಲಿ ಒಂದು ಭಾಗ ಭಾಷೆಗೇ ಸಲ್ಲುತ್ತದೆ. ಬಹು ಆಯ್ಕೆಯ ಪ್ರಶ್ನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡರೆ ಅದರ ಅಂಕದ ಮೂರನೆಯ ಒಂದು ಭಾಗ ಕಳೆಯುತ್ತದೆ. ಇಲ್ಲಿ ಭಾಷೆಗೆಂದು ಪ್ರತ್ಯೇಕ ಅಂಕವಿಲ್ಲ. ಆದುದರಿಂದ ಭಾಷೆಯ ನಷ್ಟವೆಲ್ಲ ಭೂವಿಜ್ಞಾನದ ಅಜ್ಞಾನವಾಗಿ ದಾಖಲಾಗುತ್ತದೆ. ಜಿಆರ್‌ಇಯಲ್ಲಿ ಕಣ್ಣಿಗೆ ಕಾಣುವ ಅಸಮತೆ ಇಲ್ಲಿ ಅದೃಶ್ಯವಾಗಿದೆ. ಅಷ್ಟರಮಟ್ಟಿಗೆ ಇದರ ಅನ್ಯಾಯವೂ ಪ್ರಶ್ನಾತೀತವಾಗಿದೆ.

ಸಂಶೋಧನೆಯ ಭಾಷೆ ಇಂಗ್ಲಿಷೇ ಆಗಿರುವಾಗ ಪರೀಕ್ಷೆಯೂ ಅದರಲ್ಲಿದ್ದರೆ ತಪ್ಪೇನು ಎಂಬ ವಾದವುಂಟು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಪ್ರಬಂಧ ಬರೆಯುವಾಗ, ವಿಚಾರಸಂಕಿರಣದಲ್ಲಿ ಮಂಡಿಸುವಾಗ ಇಂಗ್ಲಿಷು ಬೇಕೇ ಬೇಕು. ಆದರೆ ಎರಡು ವರ್ಷಗಳ ವ್ಯಾಸಂಗದಲ್ಲಿ ಕಲಿಯಬಹುದಾದುದನ್ನು ಬಾಗಿಲಲ್ಲೇ ಕೇಳಿ ಹಿಂದಕ್ಕೆ ಕಳಿಸುವುದು ಕಲಿಕೆಯ ತತ್ತ್ವಕ್ಕೇ ವಿರುದ್ಧ. ಅಲ್ಲದೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷಿನ ಜೊತೆಗೆ ಹಿಂದಿಯಲ್ಲಿಯೂ ಇರುತ್ತವೆ. ಸಂಶೋಧನೆಯ ಹೊಸ್ತಿಲಲ್ಲಿ ಹಿಂದಿಗೆ ದೊರೆತ ಅವಕಾಶ ಕನ್ನಡಕ್ಕೆ ದೊರೆಯದಿರಲು ಭಾಷಿಕ ಕಾರಣವೊಂದೂ ಇಲ್ಲ.

ಈ ವೈರುಧ್ಯ ಇನ್ನೂ ಸ್ಪಷ್ಟವಾಗುವುದು ಪದವಿ ಹಂತದೊಡನೆ ಹೋಲಿಸಿದಾಗ. ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲಿಯೂ ನಡೆಯುತ್ತಿವೆ. ಪದವಿಯ ಬಾಗಿಲಲ್ಲಿ ಕನ್ನಡವಿದೆ, ಸ್ನಾತಕೋತ್ತರ ವಿಜ್ಞಾನದ ಬಾಗಿಲಲ್ಲಿ ಇಲ್ಲ. ಸಂವಿಧಾನದ 371(ಜೆ) ವಿಧಿ 2013ರಿಂದ ಈ ಪ್ರದೇಶದ ವಿದ್ಯಾರ್ಥಿಗಳಿಗೆ ರಾಜ್ಯದ ಸಂಸ್ಥೆಗಳಲ್ಲಿ ಸ್ಥಾನ ಕಾದಿರಿಸಿದೆ. ರಾಷ್ಟ್ರೀಯ ಸಂಸ್ಥೆಗಳ ಪ್ರಶ್ನೆಪತ್ರಿಕೆಯ ಮುಂದೆ ಅದರ ಆಸರೆ ತಲುಪದು.

ಆದರೂ ಹೊಣೆಯನ್ನೆಲ್ಲ ಪರೀಕ್ಷಾ ಮಂಡಳಿಗಳ ಮೇಲೆ ಹೊರಿಸಿ ಕನ್ನಡ ವಿಭಾಗಗಳು ಸುಮ್ಮನಿರುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದರು. ಶತಮಾನದ ಬಳಿಕವೂ ವಿಜ್ಞಾನ ಪದವೀಧರರಿಗೆ ಕನ್ನಡದಿಂದ ಇಂಗ್ಲಿಷಿಗೆ ದಾಟಲು ವಿಷಯವಾರು ಸೇತುವೆ ಪಠ್ಯಗಳನ್ನು ಕಟ್ಟಿಕೊಡುವುದು ಕನ್ನಡ ವಿಭಾಗಗಳ ನಿತ್ಯದ ಕೆಲಸವಾಗಿಲ್ಲ. ಪರಿಭಾಷೆಯನ್ನು ನಿಘಂಟಿನಲ್ಲಿ ಮುದ್ರಿಸಿದರೆ ಸಾಲದು, ಅದು ತರಗತಿಯಲ್ಲಿ ಬಳಕೆಯಾಗಬೇಕು.

ಆಗಬೇಕಾದುದು ಮೂರು: ಜ್ಯಾಮ್ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ದೊರೆಯಬೇಕು, ಪ್ರವೇಶ ಸಮಿತಿಗಳು ಅಸಮ ಅಂಕಗಳನ್ನು ವಿದ್ಯಾರ್ಥಿಯ ಶಿಕ್ಷಣ ಮಾಧ್ಯಮದ ಹಿನ್ನೆಲೆಯಲ್ಲಿ ಓದಬೇಕು, ಕನ್ನಡ ಮತ್ತು ವಿಜ್ಞಾನ ವಿಭಾಗಗಳು ಕೂಡಿ ಸೇತುವೆ ಪಠ್ಯ ರೂಪಿಸಬೇಕು. ಮೊದಲೆರಡಕ್ಕೆ ದೆಹಲಿಯ, ಐಐಟಿಗಳ ಒಪ್ಪಿಗೆ ಬೇಕು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.