ಕೆಂಪು ಶಾಯಿಯೂ ಹೊಸ ಕಾದಂಬರಿಯೂ

ಈ ಸ್ಮರಣ ಸಂಚಿಕೆಗೆ ಹಳಗನ್ನಡ ಕಾವ್ಯವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದ್ದರು. ಅವರ ಕ್ಷಮೆ ಬೇಡಿ, ಈ ಸಲ ಕಾದಂಬರಿಗಳ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇನೆ. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿ ಪಂಡಿತನೆನಿಸಿಕೊಂಡವನಿಗೆ ಐವತ್ತು ದಾಟಿದ ಮೇಲೆ ಕಾದಂಬರಿಯ ಹುಚ್ಚು ಹಿಡಿಯಿತೆಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ.

ನಮ್ಮ ವಿದ್ಯಾರ್ಥಿದಶೆಯಲ್ಲಿ ಕಾದಂಬರಿಯೆಂದರೆ ನಾಗವರ್ಮನ ‘ಕರ್ಣಾಟಕ ಕಾದಂಬರಿ’. ಉಳಿದವು ಹೊತ್ತು ಹೋಗದವರ ಪುಸ್ತಕಗಳು. ಬಾಣಭಟ್ಟನ ನಾಯಿಕೆಯ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರಕ್ಕೆ ಹೆಸರಾಗಿ ನಿಂತಿತೆಂದು ಪಾಠ ಹೇಳುತ್ತಿದ್ದ ನಾನು, ಆ ಪ್ರಕಾರದ ಪುಸ್ತಕಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಮುಟ್ಟುವಂತೆ ಮಾಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಸುಗ್ಗಿಯ ಮೇಲೆ ಬರೆದ ಪ್ರಬಂಧದಲ್ಲಿ ಅವಳು, ‘ನಸುಕಿನ್ಯಾಗ ಅವ್ವ ಬುತ್ತಿ ಕಟಗೊಂಡು ಹೊಲಕ್ಕ ಹೊಂಟಳು’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ‘ಪ್ರಾತಃಕಾಲದಲ್ಲಿ ತಾಯಿಯು ಆಹಾರವನ್ನು ಕಟ್ಟಿಕೊಂಡು ಹೊಲಕ್ಕೆ ಹೊರಟಳು’ ಎಂದು ತಿದ್ದಿ, ಅಂಚಿನಲ್ಲಿ ‘ಗ್ರಾಮ್ಯ’ ಎಂದು ಬರೆದೆ. ಹುಡುಗಿ ತಿದ್ದುಪಡಿಯನ್ನು ಓದಿಕೊಂಡು, ‘ಗುರುಗಳೇ, ಇದ್ರಾಗ ನಮ್ಮವ್ವ ಇಲ್ಲಲ್ರಿ’ ಎಂದಳು. ಉತ್ತರ ಕೊಡಲು ನನಗೆ ಯಾವ ಸೂತ್ರವೂ ನೆನಪಾಗಲಿಲ್ಲ.

ಅದೇ ಬೇಸಿಗೆಯ ರಜೆಯಲ್ಲಿ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಕೈಗೆ ಬಂದಿತು. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿಯೆಂಬ ಮರ್ಯಾದೆಯಿಂದ ತೆರೆದೆ. ನವಲಗುಂದದ ಒಂದು ಬ್ರಾಹ್ಮಣ ಮನೆತನದ ಕಥೆ. ಅಲ್ಲಿನ ಜನ ನಮ್ಮ ಕಡೆಯ ಮಾತಿನಲ್ಲಿಯೇ ನಗುತ್ತಾರೆ, ಜಗಳಾಡುತ್ತಾರೆ, ಸಾಯುತ್ತಾರೆ. ನಾನು ಯಾವುದನ್ನು ಗ್ರಾಮ್ಯವೆಂದು ಹೊಡೆದುಹಾಕಿದ್ದೆನೋ ಅದೇ ಅಲ್ಲಿ ಪುಸ್ತಕದ ಉಸಿರಾಗಿತ್ತು.

ಇಷ್ಟಕ್ಕೂ ಇದು ಹಲಸಂಗಿ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೂಡಿ ತಿರುಗಾಡಿದ ನೆಲ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದವು. ಆ ಗೆಳೆಯರು ನನ್ನಂತೆ ಕೆಂಪು ಶಾಯಿಯ ದೌತಿ ಹಿಡಿದುಕೊಂಡು ಕುಳಿತಿದ್ದರೆ ಕನ್ನಡಕ್ಕೆ ಆ ಪುಸ್ತಕ ದಕ್ಕುತ್ತಿತ್ತೆ? ಅವರ ಊರಿನಲ್ಲಿಯೇ ಕುಳಿತು ಅವರು ಕಾಪಾಡಿದ ಮಾತನ್ನು ನಾನು ಹೊಡೆದುಹಾಕುತ್ತಿದ್ದೆ.

ವ್ಯಾಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಜಿ ಬರೆಯುವಾಗ, ಪರೀಕ್ಷೆಯಲ್ಲಿ ಉತ್ತರಿಸುವಾಗ ಶಿಷ್ಟಭಾಷೆ ಬರಲೇಬೇಕು. ಅದು ಬಾರದ ಹಳ್ಳಿಯ ಮಗುವಿಗೇ ನಷ್ಟ. ಆದರೆ ಯಾವುದನ್ನು ಎಲ್ಲಿ ತಿದ್ದಬೇಕು, ಎಲ್ಲಿ ಕೈ ಹಿಡಿದುಕೊಳ್ಳಬೇಕು ಎಂಬ ವಿವೇಕವು ಇಂದಿನ ಕಾದಂಬರಿಗಳನ್ನು ಓದದ ಪಂಡಿತನಿಗೆ ಬರುವುದು ಕಷ್ಟವೆಂಬುದೇ ನನ್ನ ಅಭಿಮತ. ಅಲ್ಲಮನ ವಚನಗಳನ್ನು ಸಂಪಾದಿಸಿದ ಎಲ್. ಬಸವರಾಜು ಅವರು ದೇವನೂರ ಮಹಾದೇವರ ‘ಕುಸುಮಬಾಲೆ’ಯ ಗದ್ಯದಲ್ಲಿ ಪದ್ಯದ ನಡೆಯನ್ನು ಕಂಡು, ಸಾಲು ಸಾಲಾಗಿ ಬಿಡಿಸಿ ಅಚ್ಚು ಹಾಕಿಸಿದರಲ್ಲವೆ? ವಿದ್ವತ್ತೆಂದರೆ ಅದು.

ವೈದ್ಯರ ಬಳಿಕ ನನ್ನ ಓದು ತಡೆಯಿಲ್ಲದೆ ಹರಿಯಿತು. ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿ (2019) ಲೆಂಕನು ಎದುರಾದಾಗ ಮೈ ಜುಮ್ಮೆಂದಿತು. ಒಡೆಯನಿಗಾಗಿ ಪ್ರಾಣ ಕೊಡುವ ಭಾಷೆ ಮಾಡಿದವನೆಂದು ಶಾಸನಪಾಠದಲ್ಲಿ ಅರ್ಥ ಬರೆದುಕೊಂಡಿದ್ದೆ. ಆ ಭಾಷೆಯ ಹಿಂದೆ ಒಂದು ಮನೆಯೂ ಕಣ್ಣೀರೂ ಇದ್ದಾವೆಂದು ಯೋಚಿಸಿರಲಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಹೆಸರನ್ನು ಅಭ್ಯಾಸಬಲದಿಂದ ನಿಘಂಟಿನಲ್ಲಿ ಹುಡುಕಿದೆನೆಂದರೆ ವಾಚಕರು ನಗಬಾರದು. ಅದು ಒಂದು ಮನೆಯೊಳಗೆ ಹುಟ್ಟಿದ ಮಾತು. ಬಿಡಿಸಲಾಗದ ಸಿಕ್ಕಿನ ಹೆಸರು. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ, ಬೆಳಗಿನವರೆಗೆ ನಿದ್ರೆ ಬಾರದೆ ಹೊರಳಾಡಿದೆ. ಕುಂ. ವೀರಭದ್ರಪ್ಪನವರ ‘ಅರಮನೆ’ಯ ಉದ್ದನೆಯ ವಾಕ್ಯಗಳಲ್ಲಿ ಮೊದಮೊದಲು ದಿಕ್ಕು ತಪ್ಪಿತು, ಗಟ್ಟಿಯಾಗಿ ಓದತೊಡಗಿದ ಮೇಲೆ ದಾರಿ ಸಿಕ್ಕಿತು.

ಮುಂದಿನ ವರ್ಷದ ಸಂಕಲ್ಪವೂ ಸಿದ್ಧವಾಗಿದೆ. ಕಂಬಾರರ ‘ಶಿಖರಸೂರ್ಯ’, ಗೀತಾ ನಾಗಭೂಷಣರ ‘ಬದುಕು’, ಶಾನಭಾಗರ ‘ಸಕೀನಾಳ ಮುತ್ತು’; ಇವುಗಳ ನಡುವೆ ರಾವಬಹಾದ್ದೂರರ ‘ಗ್ರಾಮಾಯಣ’ವನ್ನು (1957) ಮತ್ತೊಮ್ಮೆ. ನಮ್ಮ ಸೀಮೆಯ ಹಳ್ಳಿಯನ್ನು ಕಂಡಂತೆ ಬರೆದ ಆ ಪುಸ್ತಕವನ್ನು ಇಪ್ಪತ್ತರ ಹರೆಯದಲ್ಲಿ ಪರೀಕ್ಷೆಗಾಗಿ ಓದಿದ್ದೆ, ಅಂದರೆ ಓದಿರಲಿಲ್ಲ.

ಒಬ್ಬನೇ ಓದುವುದು ಸಾಲದೆಂದು ಶನಿವಾರದ ಕೊನೆಯ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದಿದ್ದೇನೆ. ಶ್ರಾವಣದಲ್ಲಿ ಪುರಾಣ ಕೇಳಿ ಬೆಳೆದ ಮಕ್ಕಳಿಗೆ ಕೇಳುವುದನ್ನು ಕಲಿಸಬೇಕಾಗಿಲ್ಲ. ಪುಸ್ತಕಗಳದೇ ಕೊರತೆ. 2025ರಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ‘ಅವರ ಪುಸ್ತಕ ನಮ್ಮ ಕಪಾಟಿನಾಗ ಐತೇನ್ರಿ?’ ಎಂದು ಮಕ್ಕಳು ಕೇಳಿದರು. ಇರಲಿಲ್ಲ. ಬಸವರಾಜ ಕಟ್ಟೀಮನಿಯವರ ‘ಜರತಾರಿ ಜಗದ್ಗುರು’ವನ್ನು ಮಠದ ಶಾಲೆಯಲ್ಲಿ ಇಡಬಹುದೆ ಎಂದು ಒಬ್ಬ ಮಿತ್ರರು ಪಿಸುದನಿಯಲ್ಲಿ ವಿಚಾರಿಸಿದರು. ಇಡಬೇಕು, ಪ್ರಶ್ನೆ ಕೇಳುವುದನ್ನು ವಚನಕಾರರಿಂದ ಕಲಿತವರು ನಾವು, ಒಂದು ಕಾದಂಬರಿಗೆ ಅಂಜುವುದೆಂದರೇನು?

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಸಮಾರಂಭಕ್ಕೆ ಬರುವಾಗ ಗುರುಗಳಿಗೆಂದು ಶಾಲು, ಹಾರ, ಹಣ್ಣಿನ ಬುಟ್ಟಿ ತರುತ್ತೀರಿ. ಈ ವರ್ಷ ಅವುಗಳ ಬದಲು ಒಂದೊಂದು ಕಾದಂಬರಿ ತನ್ನಿರಿ. ಕಪಾಟಿನ ಕೀಲಿಕೈ ನನ್ನ ಬಳಿಯಲ್ಲಿಯೇ ಇದೆ.