ಸುಮ್ಮನೆ ಕೂರುವುದೊಂದೇ ಶಿಸ್ತಲ್ಲ: ಪಾಠ ಯೋಜನೆಯಲ್ಲಿ ಚಲನೆಗೂ ಜಾಗವಿರಲಿ

ಇಂಟರ್ನ್‌ಶಿಪ್‌ನ ನನ್ನ ಎರಡನೆಯ ವೀಕ್ಷಣಾ ಪಾಠದಲ್ಲಿ 'ತರಗತಿ ನಿರ್ವಹಣೆ'ಗೆ 10ಕ್ಕೆ 9 ಅಂಕ ಬಂತು. 'ಮಕ್ಕಳು ಶಿಸ್ತಿನಿಂದ ಕುಳಿತಿದ್ದರು' ಎಂಬ ಷರಾ ಕೂಡ ಇತ್ತು. ಆ ಅಂಕ ಹೇಗೆ ಬಂತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಉಪನ್ಯಾಸಕರು ಬರುವ ಅರ್ಧ ಗಂಟೆ ಮೊದಲು ಒಬ್ಬ ಹುಡುಗನನ್ನು ನಾನೇ ಪಕ್ಕದ ನಾಲ್ಕನೆಯ ತರಗತಿಗೆ ಕಳಿಸಿದ್ದೆ. ಪಾಠ ಮುಗಿದ ಮೇಲೆ ಕರೆಯಲು ಹೋದಾಗ ಅವನು ಕಡೆಯ ಬೆಂಚಿನ ಕೆಳಗೆ ಕುಳಿತಿದ್ದ. "ಅಕ್ಕೋರ, ನಾ ಇವತ್ತ ಏನ್ ತಪ್ಪ ಮಾಡೀನ್ರಿ?" ಎಂದು ಕೇಳಿದ. ಅವನು ಆ ದಿನ ಏನೂ ಮಾಡಿರಲಿಲ್ಲ. ತಪ್ಪು ಮಾಡಿದವಳು ನಾನು.

ಅವನ ಹೆಸರು ಬೇಡ, ಪುಟ್ಟ ಎನ್ನೋಣ. ಆರನೆಯ ತರಗತಿ, 38 ಮಕ್ಕಳು, ಮೇಲೆ ತಗಡಿನ ಶೀಟು, ಗೋಡೆಯಾಚೆ ಬಿಸಿಯೂಟದ ಅಡುಗೆಮನೆ. ಪುಟ್ಟನಿಗೆ ಹತ್ತು ನಿಮಿಷ ಒಂದೆಡೆ ಕೂರಲು ಆಗುತ್ತಿರಲಿಲ್ಲ. ಪಕ್ಕದವರ ಮೇಲೆ ಒರಗುತ್ತಿದ್ದ, ಅಂಗಿಯ ಕಾಲರ್ ಅಗಿಯುತ್ತಿದ್ದ, ಹೋಗುವಾಗ ಬರುವಾಗ ಗೋಡೆಗೆ ಭುಜ ಗುದ್ದಿಕೊಂಡೇ ಹೋಗುತ್ತಿದ್ದ. ಸ್ಟೀಲ್ ತಟ್ಟೆಗಳ ಸದ್ದು ಶುರುವಾದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಹಿಂದಿನಿಂದ ಹೋಗಿ ಮೆಲ್ಲಗೆ ಬೆನ್ನು ಸವರಿದರೆ ಬೆಚ್ಚಿ ಕೈ ತಳ್ಳುತ್ತಿದ್ದ. ಅದೇ ಹುಡುಗ ಆಟದ ಅವಧಿಯಲ್ಲಿ ಉದ್ದ ಜಿಗಿತದ ಮರಳಿನ ಹೊಂಡಕ್ಕೆ ಧೊಪ್ಪೆಂದು ಬಿದ್ದು ನಗುತ್ತಿದ್ದ. ನನ್ನ ವ್ಯಕ್ತಿ ಅಧ್ಯಯನದ ಪುಸ್ತಕದಲ್ಲಿ ನಾನು ಬರೆದದ್ದು ಎರಡೇ ಪದ: ಚಂಚಲ, ಅವಿಧೇಯ.

ಮೊದಲ ವಾರದಿಂದಲೇ ಅವನನ್ನು ಆಗಾಗ ಹೊರಗೆ ನಿಲ್ಲಿಸುತ್ತಿದ್ದೆ. ಹತ್ತು ನಿಮಿಷದ ನಂತರ ಒಳಗೆ ಬಂದವನು ಸುಮ್ಮನೆ ಕುಳಿತು ಚಿತ್ರ ಬಿಡಿಸುತ್ತಿದ್ದ. ಶಿಕ್ಷೆ ಫಲಿಸಿತೆಂದೇ ನಂಬಿದ್ದೆ. ವೀಕ್ಷಣಾ ಪಾಠದ ಮರುವಾರ ಕಿಟಕಿಯಿಂದ ಇಣುಕಿ ನೋಡಿದರೆ ಅವನು ಹೊರಗೆ ನಿಂತೇ ಇರಲಿಲ್ಲ. ನಲ್ಲಿಯಿಂದ ಅಡುಗೆಮನೆಯ ಡ್ರಮ್ಮಿಗೆ ಎರಡೂ ಕೈಯಲ್ಲಿ ಬಕೆಟ್ ಹಿಡಿದು ನೀರು ಹೊರುತ್ತಿದ್ದ. ಅಡುಗೆಯ ಅಕ್ಕ ಹೇಳಿದರು: "ಅವ ಸುಮ್ನ ನಿಂದ್ರಾಂಗಿಲ್ರಿ ಅಕ್ಕೋರ. ನಾನ ನೀರು ತಾ ಅಂತೀನಿ. ನಾಕು ಬಕೆಟ್ ತಂದ ಮ್ಯಾಲೆ ತಣ್ಣಗಾಗ್ತಾನ." ಅವನನ್ನು ತಣ್ಣಗಾಗಿಸಿದ್ದು ನನ್ನ ಶಿಕ್ಷೆಯಲ್ಲ. ಭಾರ ಎತ್ತಿದಾಗ ಅವನ ತೋಳಿಗೂ ಬೆನ್ನಿಗೂ ಸಿಕ್ಕ ಕೆಲಸವೇ ಅವನನ್ನು ಸಮಾಧಾನಕ್ಕೆ ತಂದಿರಬೇಕು.

ವಿಜ್ಞಾನ ಓದಿ ಬಂದ ನನಗೆ ಇದು ಹೊಳೆಯಬೇಕಿತ್ತು. ನಾವು ಮಕ್ಕಳಿಗೆ ಪಂಚೇಂದ್ರಿಯಗಳ ಪಾಠ ಮಾಡಿ ಐದಕ್ಕೇ ನಿಲ್ಲಿಸುತ್ತೇವೆ. ದೇಹಕ್ಕೆ ಇನ್ನೂ ಸಂವೇದನೆಗಳಿವೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಆ ದ್ರವದ ಚಲನೆಯಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಸ್ನಾಯು, ಸ್ನಾಯುರಜ್ಜು ಮತ್ತು ಕೀಲುಗಳಲ್ಲಿರುವ ಗ್ರಾಹಕಗಳು ಕೈ ಎಲ್ಲಿದೆ, ಎಷ್ಟು ಬಲ ಬಿದ್ದಿದೆ ಎಂದು ತಿಳಿಸುತ್ತವೆ. ಕಣ್ಣು ಮುಚ್ಚಿಕೊಂಡೇ ತುತ್ತು ಬಾಯಿಗಿಡಲು ನಮಗೆ ಸಾಧ್ಯವಾಗುವುದು ಇದರಿಂದ. ಕೆಲವು ಮಕ್ಕಳಿಗೆ ಈ ಸುದ್ದಿಗಳು ಅತಿಯಾಗಿ ನಾಟುತ್ತವೆ, ಕೆಲವರಿಗೆ ಸಾಲುವುದಿಲ್ಲ. ಸಾಲದ ಮಗು ಗುದ್ದಿ, ಜಿಗಿದು, ಅಗಿದು ಅದನ್ನು ಹುಡುಕಿಕೊಳ್ಳುತ್ತದೆ. ಅತಿಯಾದ ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಓಡಿಹೋಗುತ್ತದೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಪುಟ್ಟನಿಗೆ ಸದ್ದು ಹೆಚ್ಚಾಗುತ್ತಿತ್ತು, ಒತ್ತಡ ಬೇಕಾಗುತ್ತಿತ್ತು.

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಎ. ಜೀನ್ ಏರ್ಸ್ ಈ ವಿಚಾರವನ್ನು 1972ರ ತಮ್ಮ ಪುಸ್ತಕದಲ್ಲಿ ಕಲಿಕೆಯ ತೊಡಕುಗಳೊಂದಿಗೆ ಜೋಡಿಸಿ ವಿವರಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಸಂವೇದನೆಗೆ ಅತಿಯಾದ ಅಥವಾ ತೀರಾ ಕಡಿಮೆ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಹಾಗೆಂದು ಪುಟ್ಟನಿಗೆ ಆಟಿಸಂ ಇದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳುವ ಅರ್ಹತೆ ನನಗಿಲ್ಲ. ಹೆಸರು ಹಚ್ಚುವ ಮೊದಲೇ ಮಗುವಿನ ಅಗತ್ಯ ನೋಡಬಹುದು ಎಂಬುದಷ್ಟೇ ನನ್ನ ಮಾತು. ಅವನ ತಾಯಿ ಯಾವ ಪುಸ್ತಕವನ್ನೂ ಓದಿದವರಲ್ಲ. "ಬ್ಯಾಸಗಿ ಇದ್ರೂ ಮೈಮ್ಯಾಲೆ ಎರಡು ಕೌದಿ ಹಾಕ್ಬೇಕ್ರಿ, ಆವಾಗನ ನಿದ್ದಿ ಮಾಡ್ತಾನ" ಎಂದರು. ಮೆಲ್ಲನೆಯ ಸ್ಪರ್ಶಕ್ಕೆ ಬೆಚ್ಚುವ ಮಗು ಗಟ್ಟಿಯಾದ, ಸಮನಾದ ಒತ್ತಡಕ್ಕೆ ಸಮಾಧಾನಗೊಳ್ಳುತ್ತದೆ ಎಂಬುದು ಆ ಮನೆಯವರಿಗೆ ಮೊದಲೇ ಗೊತ್ತಿತ್ತು. ಕೇಳುವುದನ್ನು ಮರೆತವಳು ನಾನು.

ಆ ಮೇಲೆ ಪಿ.ಟಿ. ಮಾಸ್ತರರೂ ನಾನೂ ಕೂತು ಒಂದು ವ್ಯವಸ್ಥೆ ಮಾಡಿದೆವು. ಅದನ್ನು ಪುಟ್ಟನೊಬ್ಬನಿಗಲ್ಲ, ಇಡೀ ತರಗತಿಗೆ ಮಾಡಿದೆವು. ವಿಜ್ಞಾನದ ಅವಧಿಗೆ ಮುಂಚೆ ಎರಡು ನಿಮಿಷ ಎಲ್ಲರೂ ವರಾಂಡದ ಗೋಡೆಗೆ ಅಂಗೈ ಊರಿ, ಮೊಣಕೈ ಮಡಚಿ, ಉಸಿರು ಬಿಡುತ್ತ ನಿಧಾನವಾಗಿ ಹತ್ತು ಬಾರಿ ಗೋಡೆಯನ್ನು ತಳ್ಳುವುದು. ಗುಂಪು ಚಟುವಟಿಕೆಗೆ ಬೆಂಚು ಸರಿಸುವ, ಸಲಕರಣೆಯ ಪೆಟ್ಟಿಗೆ ತರುವ ಕೆಲಸ ಸರದಿಯಂತೆ. ಅವಧಿಗಳ ನಡುವೆ ಧ್ವಜಕಂಬದವರೆಗೆ ಕರಡಿ ನಡಿಗೆ, ಅಲ್ಲಿಂದ ಕಪ್ಪೆ ಜಿಗಿತದಲ್ಲಿ ವಾಪಸ್. ಆಟದ ಅವಧಿಯಲ್ಲಿ ವಾರಕ್ಕೆರಡು ದಿನ ಹಗ್ಗಜಗ್ಗಾಟ. ಇದಲ್ಲದೆ ನನ್ನ ಮೇಜಿನ ಮೇಲೆ ಒಂದು ಕೆಂಪು ಬಾಟಲಿ ಮುಚ್ಚಳ ಇಟ್ಟೆ. ಯಾರಿಗೆ ಮೈ ಚಡಪಡಿಸುತ್ತದೋ ಅವರು ಅದನ್ನು ಎತ್ತಿಕೊಂಡು, ಮಾತಾಡದೆ ವರಾಂಡದಲ್ಲಿ ಒಂದು ಸುತ್ತು ಹಾಕಿ ಬರಬಹುದು. ಮೊದಲ ಮೂರು ದಿನ ಎಲ್ಲರೂ ಮುಚ್ಚಳಕ್ಕೆ ಮುಗಿಬಿದ್ದರು. ವಾರ ಕಳೆಯುವಷ್ಟರಲ್ಲಿ ಅದನ್ನು ಬಳಸುವವರು ನಾಲ್ಕೈದು ಮಂದಿ ಉಳಿದರು. ಅವರಲ್ಲಿ ಒಬ್ಬಳು, ವರ್ಷವಿಡೀ ಬಾಯಿ ತೆರೆಯದ ಹುಡುಗಿ. ಅವಳಿಗೂ ಏನೋ ಬೇಕಿತ್ತೆಂದು ನಮಗ್ಯಾರಿಗೂ ತಿಳಿದಿರಲಿಲ್ಲ.

ಮೂರು ವಾರ ಗೆರೆ ಎಳೆದು ಲೆಕ್ಕ ಇಟ್ಟೆ. ಪುಟ್ಟ ಜಾಗ ಬಿಟ್ಟು ಏಳುವುದು ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ಸಂಶೋಧನೆ ಎನ್ನಲಾರೆ. ಒಂದೇ ಮಗು, ನೋಡಿದವಳು ನಾನೊಬ್ಬಳೇ, ಜೊತೆಗೆ ಅವನಿಗೆ ನನ್ನ ಪರಿಚಯವೂ ಬೆಳೆದಿತ್ತು. ಕೈಕೊಟ್ಟ ದಿನವೂ ಇದೆ. ಶನಿವಾರ ಡ್ರಮ್ಮಿನ ಅಭ್ಯಾಸ ನಡೆದಾಗ ಗೋಡೆ ತಳ್ಳಿದ್ದೂ ಸಾಲಲಿಲ್ಲ, ಸುತ್ತು ಹಾಕಿದ್ದೂ ಸಾಲಲಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಅವನನ್ನು ಅವನ ಪಾಡಿಗೆ ಬಿಟ್ಟಾಗಲೇ ಸರಿಹೋದ. ಸದ್ದೇ ತೊಂದರೆಯಾದಾಗ ಮೊದಲು ಸದ್ದು ತಗ್ಗಿಸಬೇಕು, ವ್ಯಾಯಾಮ ಅದಕ್ಕೆ ಪರ್ಯಾಯವಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಸ್ಟಾಫ್‌ರೂಮಿನಲ್ಲಿ ಎಲ್ಲವನ್ನೂ ಕೇಳಿದ್ದೇನೆ.

ಮೊದಲನೆಯದು, '40 ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ?' ಗೋಡೆ ತಳ್ಳಲು ಬೇಕಾದದ್ದು ಎರಡು ನಿಮಿಷ. 'ಕೂರು, ಸುಮ್ಮನಿರು, ಕೈ ಕಟ್ಟು' ಎನ್ನುವುದಕ್ಕೆ ನಾನು ಅದಕ್ಕಿಂತ ಹೆಚ್ಚು ಸಮಯ ಕಳೆಯುತ್ತಿದ್ದೆ.

ಎರಡನೆಯದು, 'ಇದು ಕೆಲಸ ಮಾಡುತ್ತದೆ ಎನ್ನಲು ಆಧಾರವೇನು?' ಇದು ನ್ಯಾಯವಾದ ಪ್ರಶ್ನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರ ಹೇಳಿಕೆಯಲ್ಲಿ, ಸಂವೇದನಾ ಸಂಸ್ಕರಣೆಯ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಬಾರದು, ಈ ಬಗೆಯ ಚಿಕಿತ್ಸೆಗಳ ಕುರಿತ ಸಂಶೋಧನೆ ಸೀಮಿತವಾಗಿದೆ ಎಂಬುದನ್ನು ಪೋಷಕರಿಗೆ ತಿಳಿಸಬೇಕು ಎಂದಿದೆ. ಆದ್ದರಿಂದ ನಾವು ಇದನ್ನು ಚಿಕಿತ್ಸೆ ಎಂದು ಕರೆಯಬಾರದು, ಗುಣವಾಗುತ್ತದೆಂದು ಯಾವ ತಾಯಿಗೂ ಹೇಳಬಾರದು. ದೃಷ್ಟಿ ಮಂದವಾದ ಮಗುವನ್ನು ಮುಂದಿನ ಬೆಂಚಿಗೆ ಕರೆದಂತೆ ಇದೂ ಒಂದು ಹೊಂದಾಣಿಕೆ. ಫಲ ಕಂಡರೆ ಮುಂದುವರಿಸಬೇಕು, ಕಾಣದಿದ್ದರೆ ಬಿಡಬೇಕು. ಮಗುವಿಗೆ ಭಾರದ ಚೀಲ ಕಟ್ಟುವುದು, ಕೌದಿ ಹೊದಿಸುವುದು ಇವೆಲ್ಲ ತಜ್ಞರ ಸಲಹೆಯಿಲ್ಲದೆ ಶಾಲೆಯಲ್ಲಿ ಬೇಡವೇ ಬೇಡ. ಗರಗರ ತಿರುಗಿಸುವುದೂ ಬೇಡ. ನಿಧಾನವಾಗಿ ಹಿಂದೆ ಮುಂದೆ ತೂಗುವ ಜೋಕಾಲಿ ಸಾಮಾನ್ಯವಾಗಿ ಸಮಾಧಾನ ಕೊಡುತ್ತದೆ, ವೇಗವಾಗಿ ತಿರುಗಿ ಥಟ್ಟನೆ ನಿಲ್ಲುವುದು ಕೆರಳಿಸಬಲ್ಲದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುತ್ತದೆ. ವೈದ್ಯರನ್ನು ಕೇಳದೆ ಅವರಿಂದ ಪಲ್ಟಿ ಹಾಕಿಸಬಾರದು. ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. ಸಂದೇಹ ಬಂದರೆ ಮೊದಲು ಅವರನ್ನು ಕೇಳಬೇಕು.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿತು. 'ಹಾಗಾದರೆ ಅವನಿಗೆ ನೀರು ಹೊರುವ ಕೆಲಸ ಕೊಟ್ಟುಬಿಡಿ, ಎರಡೂ ಆಯಿತು' ಎಂದು ಹಿರಿಯರೊಬ್ಬರು ನಗುತ್ತ ಹೇಳಿದರು. ಅಪಾಯ ಇರುವುದು ಇಲ್ಲೇ. ನಮ್ಮ ಶಾಲೆಗಳಲ್ಲಿ ನೀರು ಹೊರುವ, ಕಸ ಗುಡಿಸುವ ಕೆಲಸ ಯಾವ ಮಕ್ಕಳ ಪಾಲಿಗೆ ಬಂದಿದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಒಂದು ಮಗು ಪಾಠ ಬಿಟ್ಟು ದಿನವೂ ಬಕೆಟ್ ಹೊತ್ತರೆ ಅದಕ್ಕೆ ಎಷ್ಟು ಚಂದದ ಹೆಸರು ಕೊಟ್ಟರೂ ಅದು ದುಡಿಮೆಯೇ. ಅದಕ್ಕಾಗಿಯೇ ಸರದಿ ಬೇಕು, ಎಲ್ಲ ಮಕ್ಕಳಿಗೂ ಇರಬೇಕು, ಪಾಠದ ಹೊತ್ತು ತಿನ್ನಬಾರದು, ಬೇಡವೆನ್ನುವ ಸ್ವಾತಂತ್ರ್ಯ ಮಗುವಿಗಿರಬೇಕು. ಇದೇ ಕಾರಣಕ್ಕೆ ಬಸ್ಕಿ ಹೊಡೆಸಿ 'ಇದೂ ವ್ಯಾಯಾಮವೇ' ಎನ್ನುವುದನ್ನು ಒಪ್ಪಲಾಗದು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಂ ನಿಷೇಧಿಸಿದೆ. ಗಲಾಟೆ ಮಾಡಿದವನ ಆಟದ ಅವಧಿ ಕಿತ್ತುಕೊಳ್ಳುವುದಂತೂ ನಾವು ಮಾಡುವ ದೊಡ್ಡ ತಪ್ಪು. ಆ ಅವಧಿಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಇರುತ್ತದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 16ನೆಯ ಕಲಂ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕೆಂದೂ ಆಟೋಟದಲ್ಲಿ ಸಮಾನ ಅವಕಾಶ ಕೊಡಬೇಕೆಂದೂ ಹೇಳುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಇದನ್ನು ಬರೆದು ಅಂಕ ತೆಗೆದವಳು ನಾನು. ತರಗತಿಗೆ ಹೋದಾಗ ನೆನಪಾಗಲಿಲ್ಲ.

ಮೂರನೆಯ ವೀಕ್ಷಣಾ ಪಾಠದ ದಿನ ಪುಟ್ಟ ತರಗತಿಯಲ್ಲೇ ಇದ್ದ. ಎರಡು ಬಾರಿ ಮುಚ್ಚಳ ಎತ್ತಿಕೊಂಡು ಹೋಗಿ ಬಂದ. ಕೊನೆಯಲ್ಲಿ, ಕೇಳದಿದ್ದರೂ, ಸರಳ ವಿದ್ಯುತ್ ಮಂಡಲದಲ್ಲಿ ಬಲ್ಬು ಏಕೆ ಉರಿಯಲಿಲ್ಲ ಎಂಬುದನ್ನು ಸರಿಯಾಗಿ ಹೇಳಿದ. 'ತರಗತಿ ನಿರ್ವಹಣೆ'ಗೆ 7 ಬಂತು. 'ಒಬ್ಬ ವಿದ್ಯಾರ್ಥಿ ಪಾಠದ ನಡುವೆ ಎದ್ದು ಹೋದುದನ್ನು ಗಮನಿಸಬೇಕಿತ್ತು' ಎಂಬ ಷರಾ. ಉಪನ್ಯಾಸಕರ ಮೇಲೆ ನನಗೆ ದೂರಿಲ್ಲ. ಹಾಳೆಯಲ್ಲಿದ್ದ ಕಾಲಮ್ಮನ್ನು ಅವರು ತುಂಬಿದರು. ಆದರೆ ಮಗುವನ್ನು ಹೊರಗಟ್ಟಿದ ಪಾಠಕ್ಕೆ 9, ಉಳಿಸಿಕೊಂಡ ಪಾಠಕ್ಕೆ 7 ಕೊಡುವ ಹಾಳೆ ಮುಂದಿನ ಪ್ರಶಿಕ್ಷಣಾರ್ಥಿಗೂ ನಾನು ಮಾಡಿದ್ದನ್ನೇ ಕಲಿಸುತ್ತದೆ.

ಆದ್ದರಿಂದ ನನ್ನ ಕೋರಿಕೆ ಮೂರು. ವೀಕ್ಷಣಾ ಹಾಳೆಯಲ್ಲಿ 'ಹಾಜರಿದ್ದ ಮಕ್ಕಳೆಲ್ಲ ತರಗತಿಯಲ್ಲೇ ಕಲಿತರೇ? ಅಗತ್ಯವಿದ್ದವರಿಗೆ ಏನು ಹೊಂದಾಣಿಕೆ ಮಾಡಲಾಯಿತು?' ಎಂಬ ಒಂದು ಸಾಲು ಸೇರಲಿ. ಐದು 'ಇ'ಗಳ ನಮ್ಮ ಪಾಠ ಯೋಜನೆಯಲ್ಲಿ ಮಕ್ಕಳು ಮೈ ಆಡಿಸುವುದು ಯಾವ ಹಂತದಲ್ಲಿ ಎಂದು ಬರೆಯುವುದು ಕಡ್ಡಾಯವಾಗಲಿ. ಇಂಟರ್ನ್‌ಶಿಪ್‌ನ ವ್ಯಕ್ತಿ ಅಧ್ಯಯನವನ್ನು ಮನೋವಿಜ್ಞಾನದ ಉಪನ್ಯಾಸಕರು ಮತ್ತು ದೈಹಿಕ ಶಿಕ್ಷಣದ ಉಪನ್ಯಾಸಕರು ಸೇರಿ ನೋಡಲಿ. 'ಚಂಚಲ, ಅವಿಧೇಯ' ಎಂದು ನಾನು ಬರೆದಾಗ 'ಅವನು ಯಾವಾಗ ಸಮಾಧಾನವಾಗಿರುತ್ತಾನೆ?' ಎಂದು ಅವರಲ್ಲೊಬ್ಬರು ಕೇಳಿದ್ದರೆ ಸಾಕಿತ್ತು. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಈ ಬಗ್ಗೆ ಕಾಲೇಜಿನಲ್ಲಿ ಒಂದು ಚರ್ಚೆ ನಡೆದರೆ ನನ್ನ ದಾಖಲೆ ಪುಸ್ತಕವನ್ನು, ಆ 9 ಅಂಕದ ಹಾಳೆಯ ಸಮೇತ, ಮೇಜಿನ ಮೇಲಿಡಲು ನಾನು ಸಿದ್ಧ.