ಬಳಪ ತಿಂದವಳ ಹಕ್ಕಿ

ನಾನು ಬಳಪ ತಿನ್ನುತ್ತಿದ್ದೆ. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಾರಲ್ಲ, ಅದೇ ಬಳಪ. ಇಷ್ಟನ್ನು ಹೇಳಿಕೊಳ್ಳಲು ನನಗೆ ಮೂವತ್ತು ವರ್ಷ ಬೇಕಾಯಿತು.

ಆಗ ನಾನು ಚೊಚ್ಚಲ ಬಸುರಿ, ಐದು ತಿಂಗಳು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಬಳಪದ ಡಬ್ಬಿ ನನ್ನ ಮೇಜಿನ ಮೇಲೆಯೇ ಇರುತ್ತಿತ್ತು. ಮೊದಲು ಒಂದು ಚೂರು, ಆಮೇಲೆ ದಿನಕ್ಕೆ ನಾಲ್ಕೈದು ಕಡ್ಡಿ. ಮನೆಗೆ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತರುತ್ತಿದ್ದೆ. ಮಳೆ ಬಿದ್ದಾಗ ಹಿತ್ತಿಲ ಮಣ್ಣಿನ ಗೋಡೆಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆಯವರ ಕೈಗೆ ಸಿಕ್ಕಿಬಿದ್ದೆ. "ನಮ್ಮನೇಲಿ ಅನ್ನಕ್ಕೆ ಬರವೇನೇ? ಅಕ್ಕಪಕ್ಕದೋರು ನೋಡಿದ್ರೆ ಏನಂದ್ಕೋತಾರೆ?" ಎಂದರು. "ಅತ್ತಿಗೆ, ನೆಂಚಿಕೊಳ್ಳೋಕೆ ಸ್ಲೇಟೂ ತರ್ಲಾ?" ಎಂದ ಮೈದುನ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಂಗಸರಾದ ನಮಗೆ ಅದೊಂದು ಚೆನ್ನಾಗಿ ಬರುತ್ತದೆ, ನೋಡಿ: ನಮ್ಮನ್ನು ನೋಡಿ ನಗುವವರ ಜೊತೆ ಸೇರಿ ನಗುವುದು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಲೆ ತಗ್ಗಿಸಿ ವಿಷಯ ಹೇಳಿದೆ. ಡಾಕ್ಟರು ಮುಖ ಎತ್ತಲಿಲ್ಲ. ಚೀಟಿಯ ಮೇಲೆ ಒಂದು ಪುಟ್ಟ ಇಂಗ್ಲಿಷ್ ಶಬ್ದ ಬರೆದು, ಕೆಳಗೆ ಕಬ್ಬಿಣಾಂಶದ ಮಾತ್ರೆ ಬರೆದು, "ನೆಕ್ಸ್ಟ್" ಎಂದರು. ಆ ಶಬ್ದ 'ಪೈಕಾ'. ನನಗೇನು ಕಾಯಿಲೆಯೋ ಎಂದು ಹೆದರಿ ಮಾರನೆಯ ದಿನ ಶಾಲೆಯ ಕಪಾಟಿನಿಂದ ದಪ್ಪ ಇಂಗ್ಲಿಷ್ ನಿಘಂಟು ತೆಗೆದೆ. ಆಹಾರವಲ್ಲದ್ದನ್ನು ತಿನ್ನುವ ಬಯಕೆ ಎಂದಿತ್ತು. ಅಲ್ಲೇ, ಈ ಶಬ್ದದ ಮೂಲ ಲ್ಯಾಟಿನ್, ಅರ್ಥ ಮ್ಯಾಗ್‌ಪೈ ಹಕ್ಕಿ ಎಂದೂ ಇತ್ತು. ಬಸುರಿ ಹೆಂಗಸಿಗೂ ಹಕ್ಕಿಗೂ ಏನು ಸಂಬಂಧ? ಆವತ್ತು ಹುಟ್ಟಿದ ಸಿಟ್ಟು ಇನ್ನೂ ತಣ್ಣಗಾಗಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾಗ್‌ಪೈ ನಮ್ಮ ಕಡೆಯ ಹಕ್ಕಿಯಲ್ಲ. ಕಾಗೆಯ ಬಳಗಕ್ಕೆ ಸೇರಿದ್ದು. ಕಪ್ಪು-ಬಿಳುಪು ಮೈ, ಹಸಿರು ಮಿಂಚುವ ಉದ್ದ ಬಾಲ. ಯುರೋಪಿನಲ್ಲಿ ಮನೆಯಂಗಳದ ಹಕ್ಕಿ. ನಮ್ಮ ದೇಶದಲ್ಲಿ ನೋಡಬೇಕೆಂದರೆ ಲಡಾಖ್‌ನಂಥ ಕಡೆಗೆ ಹೋಗಬೇಕು. ನಮ್ಮ ಹಿತ್ತಿಲಲ್ಲಿ ಬೆಳಗಿನ ಜಾವ ಹಾಡುವ ಕಪ್ಪು-ಬಿಳುಪಿನ ಮಡಿವಾಳ ಹಕ್ಕಿಗೆ ಇಂಗ್ಲಿಷಿನವರು ಮ್ಯಾಗ್‌ಪೈ ರಾಬಿನ್ ಎಂದದ್ದು ಬಣ್ಣದ ಹೋಲಿಕೆಯಿಂದ. ಅದು ಬೇರೆಯೇ ಸಂಸಾರ.

ಇಂಗ್ಲಿಷಿನಲ್ಲಿ ಈ ಹಕ್ಕಿಗೆ ಮೊದಲು ಇದ್ದ ಹೆಸರು ಬರೀ 'ಪೈ'. ಲ್ಯಾಟಿನ್ನಿನ 'ಪೈಕಾ' ಫ್ರೆಂಚಿನ ಬಾಯಲ್ಲಿ ಸವೆದು ಹಾಗಾಯಿತು. ಕಪ್ಪು-ಬಿಳುಪು ಮಚ್ಚೆಯದಕ್ಕೆಲ್ಲ ಅವರು 'ಪೈಡ್' ಎನ್ನುವುದೂ ಇದರಿಂದಲೇ. ಅಲ್ಲಿಯವರೆಗೆ ತಕರಾರಿಲ್ಲ. ಸುಮಾರು 1600ರ ಹೊತ್ತಿಗೆ ಆ ಪೈ ಹಿಂದೆ ಒಬ್ಬ ಹೆಂಗಸು ಬಂದು ನಿಂತಳು: ಮ್ಯಾಗ್. ಮಾರ್ಗರೆಟ್ ಎಂಬ ಹೆಸರಿನ ಮನೆಬಳಕೆಯ ರೂಪ ಅದು. ಮ್ಯಾಗ್, ಮೆಗ್, ಮ್ಯಾಡ್ಜ್ ಎಲ್ಲ ಅದರವೇ. ನಮ್ಮಲ್ಲಿ ಸರಸ್ವತಿ ಸರಸು ಆದ ಹಾಗೆ. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಇದೇ ಹಕ್ಕಿ 'ಮ್ಯಾಗಟ್-ಪೈ' ಆಗಿ ಬರುತ್ತದೆ, ಅದೂ ಮಾರ್ಗರೆಟ್ಟಳೇ. ಈ ಹಕ್ಕಿ ಸದಾ ಚಟಚಟ ಸದ್ದು ಮಾಡುತ್ತದೆ. ಸದಾ ಸದ್ದು ಮಾಡುವವಳು ಹೆಂಗಸು, ಬೀದಿಗೊಬ್ಬಳು ಮ್ಯಾಗ್ ಇದ್ದೇ ಇರುತ್ತಾಳೆ. ಅಂದಮೇಲೆ ಹಕ್ಕಿಯೂ ಮ್ಯಾಗ್. ಮುಂದೆ 'ಮ್ಯಾಗ್' ಎಂದರೇ ಹರಟುವುದು ಎಂದಾಯಿತು. ಮಾರ್ಗರೆಟ್ ಎಂಬ ಹೆಸರಿನ ಮೂಲಾರ್ಥವೇನು ಗೊತ್ತೇ? ಗ್ರೀಕಿನಲ್ಲಿ ಮುತ್ತು. ತಂದೆತಾಯಿ ಮುತ್ತು ಎಂದು ಕರೆದ ಮಗಳನ್ನು ಊರು ಹರಟೆಮಲ್ಲಿ ಮಾಡಿತು.

ಇದು ಇಂಗ್ಲಿಷರ ಕಿತಾಪತಿ ಮಾತ್ರ ಎಂದುಕೊಳ್ಳಬೇಡಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಕವಿ ಓವಿಡ್ ಹೇಳಿದ ಕಥೆಯಲ್ಲಿ ಪೈರಸ್ ಎಂಬವನ ಒಂಬತ್ತು ಹೆಣ್ಣುಮಕ್ಕಳು ಕಲಾದೇವಿಯರನ್ನೇ ಹಾಡಿನ ಸ್ಪರ್ಧೆಗೆ ಕರೆಯುತ್ತಾರೆ, ಸೋಲುತ್ತಾರೆ, ಮ್ಯಾಗ್‌ಪೈಗಳಾಗುತ್ತಾರೆ. ಹಾಡಲು ಧೈರ್ಯ ಮಾಡಿದ ಹುಡುಗಿಯರಿಗೆ ಸಿಕ್ಕ ಬಹುಮಾನ ಅದು.

ಹರಟೆಯ ಜೊತೆಗೆ ಕಳ್ಳತನವೂ ಸೇರಿತು. ಹೊಳೆಯುವುದನ್ನು ಕಂಡರೆ ಕದಿಯುತ್ತದೆ ಎಂಬ ಅಪವಾದ. 1817ರಲ್ಲಿ ಮಿಲಾನಿನಲ್ಲಿ ಮೊದಲು ಪ್ರದರ್ಶನವಾದ ರೋಸಿನಿಯ 'ಕಳ್ಳ ಮ್ಯಾಗ್‌ಪೈ' ಎಂಬ ಸಂಗೀತ ನಾಟಕದಲ್ಲಿ ಮನೆಯ ಬೆಳ್ಳಿ ಸಾಮಾನು ಕಾಣೆಯಾಗುತ್ತದೆ. ತಪ್ಪು ಬೀಳುವುದು ಯಾರ ಮೇಲೆ? ಕೆಲಸದ ಹುಡುಗಿಯ ಮೇಲೆ. ಮರಣದಂಡನೆಯೂ ಆಗುತ್ತದೆ; ಕೊನೆಯ ಗಳಿಗೆಯಲ್ಲಿ ಹಕ್ಕಿಯ ಗೂಡಲ್ಲಿ ಬೆಳ್ಳಿ ಸಿಕ್ಕಿ ಅವಳು ಬದುಕುತ್ತಾಳೆ. ಓಲೆ ಕಳೆದರೆ ಮೊದಲು ಕೆಲಸದವಳ ಸೆರಗನ್ನು ನೋಡುವ ನಾವು ಈ ನಾಟಕವನ್ನು ದೂರದ್ದು ಎನ್ನುವ ಹಾಗಿಲ್ಲ.

"ಗಂಡಸರ ಹೆಸರೂ ಹಕ್ಕಿಗಳಿಗೆ ಇದೆಯಲ್ಲ, ಅದಕ್ಕೇನಂತೀರಿ?" ಎಂದು ನಮ್ಮ ಮನೆಯವರು ಕೇಳಿದರು. ನಿಜ, ಇದೆ. ಕೆಂಪೆದೆಯ ಪುಟ್ಟ ಹಕ್ಕಿಗೆ ರಾಬಿನ್. ಅದು ರಾಬರ್ಟನ ಮುದ್ದಿನ ಹೆಸರು. ಇನ್ನೊಂದು ಕಾಗೆಯ ಜಾತಿಗೆ ಜಾಕ್‌ಡಾ. ಅದರಲ್ಲಿ ಜಾಕ್ ಇದ್ದಾನೆ. ಆದರೆ ಅವರ ಗತಿ ನೋಡಿ. ರಾಬಿನ್ ಕ್ರಿಸ್‌ಮಸ್ ಕಾರ್ಡಿನ ಮೇಲೆ ಹೋಗಿ ಕೂತ. ಜಾಕ್‌ಡಾಗೂ ಕಳ್ಳನೆಂಬ ಹೆಸರಿದೆ. ಆದರೆ ಬಾರ್ಹಾಮ್ ಎಂಬ 19ನೇ ಶತಮಾನದ ಇಂಗ್ಲಿಷ್ ಕವಿಯ ಹಾಸ್ಯ ಪದ್ಯವೊಂದರಲ್ಲಿ ಕಾರ್ಡಿನಲ್ಲನ ಉಂಗುರ ಕದ್ದ ಜಾಕ್‌ಡಾ ಪಶ್ಚಾತ್ತಾಪಪಟ್ಟು ಕೊನೆಗೆ ಸಂತನ ಪದವಿಗೇರುತ್ತಾನೆ! ಕದ್ದ ಜಾಕ್ ಸಂತನಾದ. ಕದಿಯದ ಹುಡುಗಿ ನೇಣಿನ ಹತ್ತಿರ ಹೋಗಿಬಂದಳು.

ಇನ್ನೊಂದು ಉದಾಹರಣೆ ನಮ್ಮ ಅಂಗಳದ್ದೇ. ಮಣ್ಣುಬಣ್ಣದ ಹಕ್ಕಿಗಳು ಆರೇಳು ಒಟ್ಟಾಗಿ ಗದ್ದಲ ಮಾಡುತ್ತ ಎಲೆ ಕೆದಕುವುದನ್ನು ನೀವೆಲ್ಲ ನೋಡಿದ್ದೀರಿ. ಹಿಂದಿಯವರು ಅವಕ್ಕೆ 'ಸಾತ್ ಭಾಯಿ', ಏಳು ಅಣ್ಣತಮ್ಮಂದಿರು, ಎನ್ನುತ್ತಾರೆ. ಇಂಗ್ಲಿಷಿನವರು ಇಲ್ಲಿಗೆ ಬಂದು ಅದೇ ಹಕ್ಕಿಗಳಿಗೆ 'ಸೆವೆನ್ ಸಿಸ್ಟರ್ಸ್' ಎಂದರು. 1886ರ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಎರಡೂ ಅಕ್ಕಪಕ್ಕ ಕೂತಿವೆ. ಕಡಲು ದಾಟಿದವರ ಕಿವಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರಾದರು. ನಮ್ಮ ಕನ್ನಡದಲ್ಲಿ ಅದರ ಹೆಸರು ಹರಟೆಮಲ್ಲ. ಮಲ್ಲ! ಹರಟೆಯ ಪೈಲ್ವಾನ್‌ಗಿರಿಯನ್ನು ಗಂಡಿಗೆ ಕೊಟ್ಟ ಪುಣ್ಯಾತ್ಮ ಯಾರೋ, ಸಂಜೆ ಕಟ್ಟೆಯ ಮೇಲೆ ಕೂತವರನ್ನು ಸರಿಯಾಗಿಯೇ ನೋಡಿದ್ದಾನೆ.

ಹಕ್ಕಿಯ ಸದ್ದಿನಲ್ಲಿ ಅಕ್ಕನೂ ಇಲ್ಲ, ಅಣ್ಣನೂ ಇಲ್ಲ. ಕೇಳುವವರ ಕಿವಿಯಲ್ಲಿದೆ. ಇಂಗ್ಲೆಂಡಿನಲ್ಲಿ ಒಂಟಿ ಮ್ಯಾಗ್‌ಪೈ ಕಂಡರೆ ಅಪಶಕುನ. ಚೀನಾದಲ್ಲಿ ಅದರ ಹತ್ತಿರದ ಬಂಧುವಿನ ಹೆಸರಲ್ಲೇ ಸಂತೋಷವಿದೆ. ಅಗಲಿದ ನೇಕಾರತಿಯೂ ದನಗಾಹಿಯೂ ವರ್ಷಕ್ಕೊಮ್ಮೆ ಸೇರಲು ಆಕಾಶದ ನದಿಗೆ ಸೇತುವೆಯಾಗುವ ಹಕ್ಕಿ ಅದು.

ಕಳ್ಳತನದ ಆರೋಪವೂ ನಿಲ್ಲಲಿಲ್ಲ. 2014ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಕಾಳಿನ ಪಕ್ಕ ಹೊಳೆಯುವ ತಿರುಪು, ಬೆಳ್ಳಿಕಾಗದ ಇಟ್ಟು ನೋಡಿದರು. 64 ಸಲದ ಪರೀಕ್ಷೆಯಲ್ಲಿ ಹಕ್ಕಿಗಳು ಹೊಳೆಯುವುದನ್ನು ಎತ್ತಿದ್ದು ಎರಡೇ ಸಲ, ಎತ್ತಿದ ಕೂಡಲೇ ಬಿಟ್ಟವು. ಹೊಳಪು ಕಂಡರೆ ಅವಕ್ಕೆ ಆಸೆಗಿಂತ ಅಂಜಿಕೆಯೇ ಹೆಚ್ಚು. ಅದಕ್ಕೂ ಮೊದಲು, 2008ರಲ್ಲಿ, ಜರ್ಮನಿಯ ವಿಜ್ಞಾನಿಗಳು ಈ ಹಕ್ಕಿಗಳ ಕತ್ತಿಗೆ ಬಣ್ಣದ ಚುಕ್ಕೆ ಅಂಟಿಸಿ ಕನ್ನಡಿಯ ಮುಂದೆ ಬಿಟ್ಟಾಗ, ಕೆಲವು ಕನ್ನಡಿ ನೋಡಿ ತಮ್ಮ ಮೈಮೇಲಿನ ಚುಕ್ಕೆಯನ್ನೇ ಕೆರೆದುಕೊಂಡವು. ತಾನು ಯಾರೆಂದು ಆ ಹಕ್ಕಿಗೆ ಗೊತ್ತು. ಹೆಸರಿಟ್ಟವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಈಗ ನನ್ನ ಬಳಪಕ್ಕೆ ಬರುತ್ತೇನೆ. ಮ್ಯಾಗ್‌ಪೈ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಎಂದು ಹಳಬರು ನಂಬಿದ್ದರು. ಗ್ರೀಕರು ಇಂಥದೇ ಹಕ್ಕಿಯ ಹೆಸರಾದ 'ಕಿಸ್ಸಾ' ಎಂಬುದನ್ನು ಬಸುರಿಯ ವಿಚಿತ್ರ ಬಯಕೆಗೂ ಇಟ್ಟರು. ಲ್ಯಾಟಿನ್ನಿನಲ್ಲಿ ಅದು ಪೈಕಾ ಆಯಿತು, ವೈದ್ಯರ ಪುಸ್ತಕ ಸೇರಿತು, ನೂರಾರು ವರ್ಷ ನಡೆದು ನನ್ನ ಚೀಟಿಯ ಮೇಲೆ ಬಂದು ಕೂತಿತು. ಇಡೀ ಶಬ್ದದಲ್ಲಿ ಒಂದು ಪ್ರಶ್ನೆಯಿಲ್ಲ: ಇವಳೇಕೆ ಮಣ್ಣು ತಿನ್ನುತ್ತಿದ್ದಾಳೆ? ಇವಳ ಊಟವೇನು? ಇವಳ ಮೈಯಲ್ಲಿ ರಕ್ತವಿದೆಯೇ?

ಈ ಬಯಕೆಗೂ ಕಬ್ಬಿಣಾಂಶದ ಕೊರತೆಗೂ ನಂಟಿದೆ ಎಂದು ವೈದ್ಯರಿಗೆ ಇಂದು ಚೆನ್ನಾಗಿ ಗೊತ್ತು. ಎಲ್ಲರಿಗೂ ಅದೊಂದೇ ಕಾರಣವಲ್ಲ. ಆದರೆ ಅನೇಕರಲ್ಲಿ ಕೊರತೆ ತುಂಬಿದ ಕೂಡಲೇ ಬಯಕೆ ತಾನಾಗಿ ಹೋಗುತ್ತದೆ. ನನಗೂ ಹಾಗೇ ಆಯಿತು. ಮಾತ್ರೆ ಶುರುಮಾಡಿದ ಕೆಲವು ವಾರಕ್ಕೆ ಬಳಪ ಮತ್ತೆ ಬಳಪವಾಗಿ ಕಂಡಿತು. ಅಂದರೆ ಅದು ಚಟವಾಗಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ನಮ್ಮ ಹೆಣ್ಣುಮಕ್ಕಳಲ್ಲಿ ಶೇಕಡಾ 57, ಬಸುರಿಯರಲ್ಲಿ ಶೇಕಡಾ 52 ಮಂದಿಗೆ ರಕ್ತಹೀನತೆ. ಇಬ್ಬರಲ್ಲಿ ಒಬ್ಬಳು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದು, ಸಾರಿನ ತಿಳಿಯಲ್ಲಿ ಊಟ ಮುಗಿಸುವವಳು ಅವಳು. ನಮ್ಮನೆಯಲ್ಲಿ ಅನ್ನಕ್ಕೆ ಬರವಿರಲಿಲ್ಲ, ನಿಜ. ಅನ್ನ ಬರುತ್ತಿದ್ದ ಸರದಿಯಲ್ಲಿ ಬರವಿತ್ತು. ಅತ್ತೆಯವರು ನನಗಿಂತ ಕಡೆಗೆ ಉಣ್ಣುತ್ತಿದ್ದರು ಎಂಬುದನ್ನೂ ಹೇಳಬೇಕು. ಅವರ ಕಾಲದಲ್ಲಿ ಅವರೇನು ಕದ್ದು ತಿಂದಿದ್ದರೋ, ನಾನು ಕೇಳಲೇ ಇಲ್ಲ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳ ಮಗಳು ಈಗ ಏಳು ತಿಂಗಳ ಬಸುರಿ. ಮೊನ್ನೆ ತಾಯಿ ನಗುತ್ತ, "ಅಮ್ಮಾ, ಇವ್ಳು ಒಲೆ ಮಣ್ಣು ಕೆರ್ಕೊಂಡು ತಿಂತಾಳೆ" ಎಂದಳು. ಹುಡುಗಿಯೂ ನಕ್ಕಳು. ಆ ನಗು ನನಗೆ ಗೊತ್ತಿತ್ತು. ಅದಕ್ಕೇ ಈ ಬರಹ. ಬಳಪ, ಮಣ್ಣು, ಬೂದಿ ತಿನ್ನುತ್ತಿದ್ದರೆ ಬಚ್ಚಿಡಬೇಡಿ. ಮಣ್ಣಿನ ಜೊತೆ ಹುಳದ ಮೊಟ್ಟೆಯೂ ಸೀಸದಂಥ ವಿಷವೂ ಒಳಗೆ ಹೋಗಬಹುದು. ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರಿಗೆ ಸರ್ಕಾರ 180 ದಿನಕ್ಕೆ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ಕೊಡುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಫಿ-ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಮನೆಯಲ್ಲಿ ಯಾರಾದರೂ ನಕ್ಕರೆ, ಜೊತೆಗೆ ನಗಬೇಡಿ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ಬಯಕೆ. ಬಸುರಿಯ ಬಯಕೆಯನ್ನು ತೀರಿಸಬೇಕು ಎಂದರು ನಮ್ಮ ಹಿರಿಯರು. ಕರೆದು ಕೂರಿಸಿ ಬಯಕೆ ಊಟ ಹಾಕಿದರು. ಆದರೆ ನಾವೇನು ಮಾಡಿದೆವು? ಹುಳಿಮಾವಿನಕಾಯಿ ಕೇಳಿದರೆ ಬಯಕೆ ಎಂದೆವು, ಮಣ್ಣು ಕೇಳಿದರೆ ಚಟ ಎಂದೆವು. ಒಂದು ದಿನ ಹಸಿರು ಸೀರೆ ಉಡಿಸಿ ಐದು ಬಗೆಯ ಅನ್ನ ಬಡಿಸಿ, ಮಾರನೆಯ ದಿನದಿಂದ ಮತ್ತೆ ಕೊನೆಯ ಪಂಕ್ತಿಗೆ ಕಳಿಸಿದೆವು.

ಮ್ಯಾಗ್‌ಪೈ ಬಗ್ಗೆ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಗಂಡುಹೆಣ್ಣು ಎರಡೂ ಸೇರಿ ಕಡ್ಡಿಯ ಗೂಡು ಕಟ್ಟಿ ಒಳಗೆ ಮಣ್ಣು ಮೆತ್ತುತ್ತವೆ. ಹಕ್ಕಿ ಮಣ್ಣು ಕಚ್ಚಿ ತರುವುದು ಗೂಡಿಗೆ. ಮೊಟ್ಟೆಗೆ ಕಾವು ಕೊಡಲು ಹೆಣ್ಣು ಒಳಗೆ ಕೂತಾಗ ಗಂಡು ಹೊರಗೆ ಅಲೆದು ಅವಳಿಗೆ ಆಹಾರ ತಂದು ಉಣಿಸುತ್ತದೆ. ನಮ್ಮ ಹಸಿವಿಗೆ ಆ ಹಕ್ಕಿಯ ಹೆಸರಿಟ್ಟ ಪಂಡಿತರು ಒಂದು ಸಲ ಗೂಡಿನೊಳಗೆ ಇಣುಕಿದ್ದರೆ ಚೆನ್ನಾಗಿತ್ತು.